ಪೋಕರ್ ಮೇಷ್ಟ್ರು

ದೀಪಾವಳಿ ರಾತ್ರಿ ಊಟ ಮುಗಿದು ಎಲೆಯಡಿಕೆ ತಟ್ಟೆ ಬರುವಷ್ಟರಲ್ಲಿ ನಮ್ಮ ಷಡ್ಡಕರು ಅಂಗಿಯ ತೋಳು ಮಡಚಿ ಚಾಪೆಯ ಮೇಲೆ ಕೂತಿರುತ್ತಾರೆ. ಇನ್ನು ತಪ್ಪಿಸಿಕೊಳ್ಳುವಂತಿಲ್ಲ, ಪೋಕರ್ ಪಾಠ ಶುರು.

ದುಡ್ಡಿನ ಬದಲು ಹುಣಸೆಬೀಜ. ಕೈಗೆ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಮೊದಲು ಮೂರು, ಆಮೇಲೆ ಒಂದು, ಕೊನೆಗೊಂದು ಬಿಚ್ಚುತ್ತಾರೆ, ಪ್ರತಿ ಸಲವೂ ಬೀಜ ಕಟ್ಟಬೇಕು. ಏಳರಲ್ಲಿ ಒಳ್ಳೆಯ ಐದು ಆರಿಸಿಕೊಂಡರಾಯಿತು. ನನ್ನ ಮಗಳು ಇದನ್ನು ಚಕ್ಕುಲಿ ತಿನ್ನುತ್ತಲೇ ಕಲಿತಳು. ಷಡ್ಡಕರ ಪಾಠ ಮಾತ್ರ ಇನ್ನೂ ಮುಗಿದಿಲ್ಲ.

ಎಲೆ ಹಂಚುವ ಮೊದಲೇ ಇಬ್ಬರು ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್ ಅಂತ ಕಟ್ಟಬೇಕು ಎಂದಾಗ ಅತ್ತೆ ಕೇಳಿದರು, “ಎಲೆ ನೋಡ್ದೆ ಯಾಕಪ್ಪಾ ಕಟ್ಟೋದು?”

“ಇಲ್ಲಾಂದ್ರೆ ಎಲ್ರೂ ಒಳ್ಳೇ ಎಲೆ ಬರ್ಲಿ ಅಂತ ಕಾಯ್ತಾ ಕೂರ್ತಾರೆ ಅತ್ತೆ, ಆಟಾನೇ ನಡೆಯಲ್ಲ.”

ಒಪ್ಪಬೇಕಾದ ಮಾತೇ. ತೀನ್ ಪತ್ತಿ ಆಡಿ ಬೆಳೆದ ಮಾವನವರ ತಕರಾರು ಬೇರೆ: ಅಲ್ಲಿ ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದು, ಇಲ್ಲಿ ಉಲ್ಟಾ. ಐದೆಲೆಯಲ್ಲಿ ಸೀಕ್ವೆನ್ಸ್ 10,200 ಥರ ಬರಬಹುದು, ಕಲರ್ 5,108 ಥರ ಮಾತ್ರ ಎಂದು ಷಡ್ಡಕರು ಯಾರದೋ ಲಗ್ನಪತ್ರಿಕೆಯ ಹಿಂದೆ ಗುಣಿಸಿ ತೋರಿಸಿದರು. ಮಾವ ಕನ್ನಡಕ ತೆಗೆದಿಟ್ಟು ಮಲಗಲು ಹೋದರು.

ಇದನ್ನೆಲ್ಲ ಸಹಿಸಬಹುದು. ಆದರೆ ಕಲಿಸುವ ನೆಪದಲ್ಲಿ ಹೆಗಲ ಮೇಲಿಂದ ನನ್ನ ಎಲೆಗೆ ಇಣುಕುತ್ತಾರಲ್ಲ! ಕಳೆದ ಹಬ್ಬದಲ್ಲಿ ನನಗೆ ಎರಡೂ ಎಕ್ಕ ಬಂದವು. ಜೀವಮಾನದಲ್ಲಿ ಮೊದಲ ಸಲ ಮುಖವನ್ನು ಕಲ್ಲು ಮಾಡಿಕೊಂಡು ಕೂತೆ. ಬೆನ್ನ ಹಿಂದೆ ಉಸಿರು ಎಳೆದುಕೊಂಡ ಸದ್ದು. “ರೇಸ್ ಮಾಡ್ರೀ! 221 ಸಲಕ್ಕೊಮ್ಮೆ ಬರೋ ಜೋಡಿ ಕಣ್ರೀ ಇದು!”

ಎಲ್ಲರೂ ಫೋಲ್ಡ್ ಎಂದು ಎಲೆ ಚೆಲ್ಲಿ ಕೋಡುಬಳೆಗೆ ಕೈ ಹಾಕಿದರು. ನನಗೆ ದಕ್ಕಿದ್ದು ಬ್ಲೈಂಡಿನ ಮೂರು ಬೀಜ. “ನೋಡಿದ್ರಾ, ಗೆದ್ರಿ!” ಎಂದು ಬೆನ್ನು ಬೇರೆ ತಟ್ಟಿದರು.

ಅವರೇ ಆಡಲು ಕೂತರೆ ಬೇರೆಯೇ ಮನುಷ್ಯ. ಎಲೆಯ ತುದಿ ಎತ್ತಿ ನೋಡುತ್ತಾರೆ, ತುಟಿಯಲ್ಲೇ ಲೆಕ್ಕ ಹಾಕುತ್ತಾರೆ, ಫೋಲ್ಡ್ ಅನ್ನುತ್ತಾರೆ. ಬೀಜವೆಲ್ಲ ಬ್ಲೈಂಡಿಗೇ ಕರಗುತ್ತದೆ. ಕೆಂಗೇರಿಯಲ್ಲಿ ಸೈಟು ನೋಡಿದಾಗಲೂ ಹೀಗೇ ಲೆಕ್ಕ ಹಾಕಿ ಬಿಟ್ಟರು. 2021ರಲ್ಲಿ ಮೆಟ್ರೊ ಅಲ್ಲಿಗೇ ಬಂತು. ನಗುವ ಹಕ್ಕು ನನಗೂ ಇಲ್ಲ, ನಾನಿರುವುದೂ ಬಾಡಿಗೆ ಮನೆಯೇ.

“ನೀವ್ಯಾಕ್ರೀ ಒಂದ್ಸಲಾನೂ ಆಡಲ್ಲ?” ಎಂದು ಕೇಳಿಯೇಬಿಟ್ಟೆ.

“ಒಳ್ಳೇ ಎಲೆ ಬರ್ಲಿ, ತಡೀರಿ” ಎಂದವರೇ ನನ್ನ ಎಲೆಯತ್ತ ಬಗ್ಗಿದರು.