ಯಾವ ನೀರು?

(ಸುಂಕಸಾಲೆ ಕಡೆಯ ಒಂದು ಕಾಫಿ ಕಣ. ಡಿಸೆಂಬರ್ ಬೆಳಿಗ್ಗೆ. ಮಾವ ಹಣ್ಣು ಮಗುಚುತ್ತಿದ್ದಾರೆ. ಚೇತನ್ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾನೆ.)

ಮಾವ: ಆಚೆ ಸರಿಯೋ. ನಿನ್ನ ನೆರಳು ಹಣ್ಣಿನ ಮೇಲೆ ಬೀಳ್ತಿದೆ.

ಚೇತನ್: ಉಸಿರು ಗಮನಿಸ್ತಿದೀನಿ ಮಾವ. ಮಾತಾಡಿಸ್ಬೇಡಿ.

ಮಾವ: ಉಸಿರು ಎಲ್ಲೂ ಓಡಲ್ಲ, ಬಿಸಿಲು ಓಡತ್ತೆ. ಅಲ್ವೋ, ಕೆಲಸ ಹೋದೋರು ಬೇರೆ ಕೆಲಸ ನೋಡ್ತಾರೆ. ನೀನು 18 ಸಾವಿರ ಕೊಟ್ಟು ಮೂರು ದಿನ ರೆಸಾರ್ಟಲ್ಲಿ ಸುಮ್ನೆ ಕೂತು ಬಂದಿದೀಯ. ನಮ್ಮ ತೋಟದ ರೈಟರ್ ಸುಮ್ನೆ ಕೂರೋದಕ್ಕೆ ನಾನೇ ತಿಂಗಳಿಗಿಷ್ಟು ಅಂತ ಕೊಡ್ತಿದೀನಲ್ಲ ಮಾರಾಯ!

ಚೇತನ್: ಅದು ಹೀಲಿಂಗ್ ಮಾವ. ನಾನು ಜೀವನದಲ್ಲಿ ದಾರಿ ತಪ್ಪಿದೀನಿ. ದಾರಿ ತಪ್ಪಿದಾಗ ಹುಡುಕ್ಬಾರದಂತೆ. ಹರಿವಿನ ಜೊತೆ ಹರೀಬೇಕಂತೆ. ಗುರೂಜಿ ಹೇಳಿದ್ರು, ನೀನು ನೀರಾಗು ಅಂತ.

ಮಾವ: ಯಾವ ನೀರು?

ಚೇತನ್: ಯಾವುದೋ ಒಂದು. ನೀರಲ್ಲೂ ಜಾತಿ ಇದ್ಯಾ?

ಮಾವ: ಜಾತಿ ಇಲ್ಲ, ವಿಳಾಸ ಇದೆ. ಜಾವಳಿ ಹತ್ರ ನೀರಾದ್ರೆ ನೀನು ಹೇಮಾವತಿ. ಗೊರೂರು ಡ್ಯಾಂನಲ್ಲಿ ನಾಕು ದಿನ ನಿಂತು, ಕನ್ನಂಬಾಡಿಯಲ್ಲಿ ಕಾವೇರಿ ಸೇರ್ತೀಯ. ಆಮೇಲೆ ನಿನ್ನ ತಮಿಳುನಾಡಿಗೆ ಬಿಡಬೇಕಾ ಬೇಡ್ವಾ ಅಂತ ಸುಪ್ರೀಂ ಕೋರ್ಟಲ್ಲಿ ವಾದ ಆಗತ್ತೆ.

ಚೇತನ್: ಮಾವ, ನಾನು ಹೇಳಿದ್ದು...

ಮಾವ: ತಾಳು. ಗಂಗಾಮೂಲದಲ್ಲಿ ನೀರಾದ್ಯೋ, ಅಲ್ಲಿ ಮೂರು ಕವಲು. ಭದ್ರೆ ಆದ್ರೆ ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿ ಡ್ಯಾಂ. ಕೂಡ್ಲಿಯಲ್ಲಿ ತುಂಗೆ ಜೊತೆಗೂಡ್ತಾಳೆ. ಇಬ್ರೂ ಹೋಗಿ ಕೃಷ್ಣೆ ಸೇರಿ ಬಂಗಾಳ ಕೊಲ್ಲಿ. ಅದೇ ಬೆಟ್ಟದಲ್ಲಿ ನೇತ್ರಾವತಿ ಆದ್ಯೋ, ಘಟ್ಟ ಇಳಿದು ಮಂಗಳೂರು, ಅರಬ್ಬಿ ಸಮುದ್ರ. ನಿನ್ನ ಗುರೂಜಿ ಯಾವ ಸಮುದ್ರಕ್ಕೆ ಟಿಕೆಟ್ ಹರಿದಿದಾನೆ?

ಚೇತನ್: ಅಯ್ಯೋ, ಅದು ಭಾವಾರ್ಥ!

ಮಾವ: ಡ್ಯಾಂ ಇರೋ ನೀರಾ, ಇಲ್ಲದ್ದಾ? ಅದನ್ನಾದ್ರೂ ಕೇಳ್ಬೇಕಿತ್ತು. ಮಧ್ಯದಲ್ಲಿ ಗೇಟ್ ಹಾಕಿದ್ರೆ ಏನ್ಮಾಡ್ತೀಯ? ತಲೆ ಎತ್ತಿ ನೋಡು. ಬಲ್ಲಾಳರಾಯನ ದುರ್ಗ. ಮೇಲೆ ಮಂಜು ಕವೀತು ಅಂದ್ರೆ ಹುಲ್ಲುಗುಡ್ಡ ಎಲ್ಲಾ ಒಂದೇ ಥರ ಕಾಣತ್ತೆ. ಚಾರಣಕ್ಕೆ ಬಂದೋರು ಗಾಬರಿ ಬಿದ್ದು, ನೀರು ಹಿಡಿದು ಇಳಿದ್ರೆ ಊರು ಸಿಗತ್ತೆ ಅಂತ ಹೊರಡ್ತಾರೆ. ಆ ನೀರು ಹೋಗೋದು ಬಂಡಾಜೆ ಅಬ್ಬಿಗೆ. ಹರಿವಿನ ಜೊತೆ ಹರಿದ್ರೆ ಊರೇನೋ ಸಿಗತ್ತೆ. ಇನ್ನೂರು ಅಡಿ ಕೆಳಗೆ, ಬೆಳ್ತಂಗಡಿ ತಾಲ್ಲೂಕಲ್ಲಿ.

ಚೇತನ್: ಹಂಗಾದ್ರೆ ದಾರಿ ತಪ್ಪಿದೋನು ಏನ್ಮಾಡ್ಬೇಕು?

ಮಾವ: ನಿಲ್ಬೇಕು. ಇದ್ದಲ್ಲೇ ನಿಂತು ಕೂ ಹಾಕ್ಬೇಕು. ಮಂಜು ಹರಿಯೋ ತನಕ ಕಾದು, ಕೊನೇಲಿ ಗುರುತು ಹಿಡಿದ ಜಾಗಕ್ಕೆ ವಾಪಸ್ ಹೋಗ್ಬೇಕು. ಮಳೆಗಾಲ ಆದ್ರೆ ಕಾಲಿಗೆ ಉಂಬಳ ಹತ್ತುತ್ವೆ, ಕಿತ್ತು ಹಾಕ್ತಿರ್ಬೇಕು. ಸಮಾಧಾನ ಅಂದ್ರೆ ಅಷ್ಟೇ ಕಣೋ. ಉಂಬಳವೂ ವಿಶ್ವದ ಸಂದೇಶ ಅಂತ ರಕ್ತ ಕೊಟ್ಟುಕೊಂಡು ಕೂರೋದಲ್ಲ.

ಚೇತನ್: ವಿಶ್ವ ಎಲ್ಲಾನೂ ತನ್ನ ಟೈಮಿಗೆ ಕೊಡತ್ತೆ ಮಾವ. ನಿಮ್ಮ ಕಾಫಿನೇ ನೋಡಿ.

ಮಾವ: ನೋಡ್ತಾನೇ ಇದೀನಿ, ಮೂವತ್ತು ವರ್ಷದಿಂದ. ಗಿಡ ನೆಟ್ಟು ಮೊದಲ ಫಸಲಿಗೆ ಮೂರು ನಾಲ್ಕು ವರ್ಷ. ಅಷ್ಟೂ ದಿನ ಕಳೆ ತೆಗಿ, ಮರಗಸಿ ಮಾಡು, ಬೋರರ್ ಹುಳ ಹತ್ತಿದ ಗಿಡ ಹುಡುಕಿ ಕಿತ್ತು ಸುಡು. ಮಾರ್ಚಲ್ಲಿ ಹೂ ಮಳೆ ಬಂದ್ರೆ ಹತ್ತು ದಿನದೊಳಗೆ ತೋಟ ಬೆಳ್ಳಗಾಗತ್ತೆ. ಬರಲಿಲ್ವಾ, ವಿಶ್ವಕ್ಕೆ ಕೈ ಮುಗಿಯಲ್ಲ ನಾನು. ಕೆರೆಗೆ ಮೋಟಾರ್ ಇಳಿಸಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕ್ತೀನಿ. ಕರೆಂಟ್ ಇದ್ರೆ.

ಚೇತನ್: ನಿಮಗೇನು, ನೀವು ಯಾವತ್ತೂ ದಾರಿ ತಪ್ಪಿದೋರಲ್ಲ.

(ಅತ್ತೆ ಕಾಫಿ ಲೋಟ ಹಿಡಿದು ಬರುತ್ತಾರೆ.)

ಅತ್ತೆ: ವೆನಿಲಾ ಕಥೆ ಹೇಳಿಲ್ವೇನ್ರೀ ಹುಡುಗನಿಗೆ?

ಮಾವ: ಅದ್ಯಾಕೆ ಈಗ?

ಅತ್ತೆ: 2000ದಲ್ಲಿ ಎಲ್ಲೋ ಮಡಗಾಸ್ಕರದಲ್ಲಿ ಬಿರುಗಾಳಿ ಬಂದು ಅಲ್ಲಿನ ಬೆಳೆ ಹೋಯ್ತಂತೆ. ರೇಟು ಏರಿದ್ದೇ ಏರಿದ್ದು. 2003ರ ಹೊತ್ತಿಗೆ ಹಸಿ ಕೋಡು ಕಿಲೋಗೆ 3000 ರೂಪಾಯಿ ದಾಟ್ತು. ನಿಮ್ಮಾವ ಇರೋ ಬರೋ ಮರಕ್ಕೆಲ್ಲ ಬಳ್ಳಿ ಹಬ್ಬಿಸಿದ್ರು. ಹೂವು ಅರಳೋದು ಒಂದೇ ಬೆಳಿಗ್ಗೆ. ಬಿಸಿಲೇರೋದ್ರೊಳಗೆ ಕಡ್ಡಿ ಹಿಡ್ಕೊಂಡು ಒಂದೊಂದಕ್ಕೂ ಪರಾಗ ಮುಟ್ಟಿಸ್ಬೇಕು. ನನ್ನ ಮದುವೆಯಲ್ಲಿ ಅಕ್ಷತೆ ಹಾಕಿದವರೂ ಅಷ್ಟು ಹುಷಾರಾಗಿ ಹಾಕಿರಲಿಲ್ಲ.

ಚೇತನ್: ಆಮೇಲೆ?

ಅತ್ತೆ: ರಾತ್ರಿ ಕಳ್ಳರ ಕಾವಲಿಗೆ ಟಾರ್ಚು, ನಾಯಿ. ಒಂದೆರಡು ವರ್ಷ ಅಷ್ಟೇ. ಮಡಗಾಸ್ಕರದವರು ಮತ್ತೆ ಬೆಳೆದ್ರು, ಐಸ್‌ಕ್ರೀಂ ಕಂಪನಿಗಳು ಫ್ಯಾಕ್ಟರಿ ವಾಸನೆಗೆ ಒಗ್ಗಿಕೊಂಡ್ವು. ಇಲ್ಲಿ ಕೋಡು ಕೇಳೋರೇ ಇಲ್ದಂಗಾಯ್ತು.

ಚೇತನ್: ಆಗ ಮಾವ ಸಮಾಧಾನವಾಗಿದ್ರಾ?

ಅತ್ತೆ: ಸಮಾಧಾನನಾ! ಮೂಡಿಗೆರೆ ಪೇಟೇಲಿ ಐಸ್‌ಕ್ರೀಂ ತಿನ್ನೋ ಮಕ್ಕಳನ್ನ ಕಂಡ್ರೆ ಬೈತಿದ್ರು.

ಮಾವ: ಬೈದೆ. ಆದ್ರೆ ಆ ವರ್ಷಾನೂ ಕಾಫಿ ಕುಯ್ಯೋದು ನಿಲ್ಲಿಸಲಿಲ್ಲ. ಬಳ್ಳಿ ಕಿತ್ತ ಮರಕ್ಕೆ ಮೆಣಸು ಬಿಟ್ಟೆ. ಬೇಜಾರಿದ್ರೂ ಕೈಗೆ ಕೆಲಸ ಇತ್ತು, ಸಾಲದವನಿಗೆ ಮುಖ ತೋರಿಸಿಕೊಂಡು ಇದ್ದೆ. ನಿಂಗೂ ಅದೇ ಹೇಳ್ತಿರೋದು. ಹೀಲಿಂಗ್ ಆಗೋವರೆಗೂ ಬ್ಯಾಂಕಿನವರು ಕಂತು ಕೇಳೋದು ಬಿಡ್ತಾರಾ?

ಚೇತನ್: (ಗೋರೆ ತಗೊಳ್ಳುತ್ತ) ಸರಿ ಮಾವ. ಒಪ್ಪಿದೆ. ಯಾರೋ ಹೋದರು ಅಂತ ಅವರ ಹಿಂದೆ ಹೋಗಬಾರದು.

ಮಾವ: ಹಂಗೆ ಬಾ ದಾರಿಗೆ.

ಅತ್ತೆ: ಅಂದಹಾಗೆ ರೀ, ನರ್ಸರಿಯವರು ಫೋನ್ ಮಾಡಿದ್ರು. ಬೆಣ್ಣೆಹಣ್ಣಿನ ಇನ್ನೂರು ಕಸಿ ಗಿಡ ಯಾವಾಗ ಇಳಿಸೋದು ಅಂತ ಕೇಳ್ತಿದ್ರು.

(ಚೇತನ್ ಗೋರೆ ನಿಲ್ಲಿಸಿ ಮಾವನ ಮುಖ ನೋಡುತ್ತಾನೆ.)

ಚೇತನ್: ಮಾವ, ಮಡಗಾಸ್ಕರದಲ್ಲಿ ಮತ್ತೆ ಗಾಳಿ ಎದ್ದಿದ್ಯಾ?

ಮಾವ: ಏ, ಅದು ಬೇರೆ, ಇದು ಬೇರೆ. ಇದು ಮೆಕ್ಸಿಕೊದ್ದು. ನಿಂಗೆ ಗೊತ್ತಾಗಲ್ಲ, ಆ ಮೂಲೇದು ಮಗುಚು.