ಬೋಣಿ ಕಾಸು

ಮಂಜು ಇನ್ನೂ ರಸ್ತೆ ಬಿಟ್ಟು ಎದ್ದಿರುವುದಿಲ್ಲ, ಶೆಟ್ಟರು ಆಗಲೇ ಅಂಗಡಿಯ ಹಲಗೆ ಕಳಚುತ್ತಿರುತ್ತಾರೆ. ಒಂಬತ್ತು ಹಲಗೆ, ಒಂದೊಂದರ ಮೇಲೂ ಉಳಿಯಲ್ಲಿ ಕೊರೆದ ಅಂಕಿ. ಕ್ರಮ ತಪ್ಪಿದರೆ ರಾತ್ರಿ ಬಾಗಿಲು ಕೂಡುವುದಿಲ್ಲ. ಕಸ ಗುಡಿಸಿ, ನೀರು ಚಿಮುಕಿಸಿ, ಲಕ್ಷ್ಮಿಯ ಪಟಕ್ಕೆ ಊದುಬತ್ತಿ ಹಚ್ಚಿ, ತಕ್ಕಡಿಗೊಂದು ನಮಸ್ಕಾರ, ಗಲ್ಲಾಪೆಟ್ಟಿಗೆಗೆ ಅದಕ್ಕಿಂತ ಒಂದಿಷ್ಟು ಹೆಚ್ಚು ಬಗ್ಗಿ ಇನ್ನೊಂದು ನಮಸ್ಕಾರ. ಇನ್ನು ಬೋಣಿ ಆಗಬೇಕು. ದಿನದ ಮೊದಲ ವ್ಯಾಪಾರ ರೊಕ್ಕದ್ದೇ ಆಗಬೇಕು, ಸಾಲದ್ದಾದರೆ ಇಡೀ ದಿನ ಸಾಲದ್ದೇ ಎನ್ನುವುದು ಅವರ ಅಪ್ಪ, ಅಜ್ಜಂದಿರಿಂದ ಬಂದ ನೇಮ.

ಬರುವುದು ಮಾತ್ರ ಗೌಡರ ಮನೆಯ ಎಂಟು ವರ್ಷದ ಹುಡುಗ, ಬರಿಗೈಯಲ್ಲಿ.

“ಶೆಟ್ರೇ, ಅರ್ಧ ಸೇರು ಬೆಲ್ಲವಂತೆ. ಲೆಕ್ಕಕ್ಕೆ ಬರ್ಕೋಬೇಕಂತೆ, ಅಪ್ಪಯ್ಯ ಹೇಳಿದ್ರು.”

“ಬೋಣಿ ಆಗಿಲ್ವಲ್ಲ ಸಣ್ಣಗೌಡ್ರೇ. ಒಂದು ಕಾಸಾದ್ರೂ ಇಡಿ.”

ಹುಡುಗ ಚಡ್ಡಿಯ ಜೇಬನ್ನು ಹೊರಗೆಳೆದು ತೋರಿಸುತ್ತಾನೆ. ಅದರಲ್ಲಿರುವುದು ಒಂದು ಗಜ್ಜುಗದ ಕಾಯಿ. ಶೆಟ್ಟರು ನಿಟ್ಟುಸಿರು ಬಿಟ್ಟು ತಮ್ಮ ಗಲ್ಲಾಪೆಟ್ಟಿಗೆಯಿಂದಲೇ ಒಂದು ಕಾಸು ತೆಗೆದು ಹುಡುಗನ ಅಂಗೈ ಮೇಲೆ ಇಡುತ್ತಾರೆ. ಹುಡುಗ ಅದನ್ನು ಶೆಟ್ಟರಿಗೆ ಕೊಡುತ್ತಾನೆ. ಶೆಟ್ಟರು ಎರಡೂ ಕಣ್ಣಿಗೆ ಒತ್ತಿಕೊಂಡು ಪೆಟ್ಟಿಗೆಗೆ ಹಾಕುತ್ತಾರೆ. ಬೋಣಿ ಆಯಿತು. ಆಮೇಲೆ ಕಿರ್ದಿ ತೆಗೆದು ಬರೆಯುತ್ತಾರೆ: ಗೌಡರ ಬಾಬ್ತು ಬೆಲ್ಲ ಅರ್ಧ ಸೇರು. ಅದರ ಕೆಳಗೆ, ಕೈಗಡ ಒಂದು ಕಾಸು.

ನೂರು ವರ್ಷದ ಹಿಂದಿನ ವಸ್ತಾರೆಯಲ್ಲಾಗಲಿ, ಆಲ್ದೂರು, ಮೂಡಿಗೆರೆ, ಕಳಸದಲ್ಲಾಗಲಿ ಇಂಥ ಶೆಟ್ಟರಿಲ್ಲದೆ ಊರು ಎನಿಸಿಕೊಳ್ಳುವಂತಿರಲಿಲ್ಲ. ‘ಶೆಟ್ಟಿ ಬಿಟ್ಟಲ್ಲೇ ಪಟ್ಟಣ’ ಎಂಬ ಗಾದೆಯನ್ನು ಇಲ್ಲಿಯವರು ಅಕ್ಷರಶಃ ನಂಬಿದ್ದರು. ಅವರು ಬಯಲುಸೀಮೆಯಿಂದ ಬಂದ ಬಣಜಿಗರಿರಬಹುದು, ಜೈನರಿರಬಹುದು, ಘಟ್ಟದ ಕೆಳಗಿನಿಂದ ಹತ್ತಿ ಬಂದ ಕೊಂಕಣಿಯವರಿರಬಹುದು. ಒಣಮೀನಿನ ಬುಟ್ಟಿಯೊಂದಿಗೆ ಬಂದು ನೆಲೆಯೂರಿದ ಬ್ಯಾರಿಗಳಿಗೆ ಮಾತ್ರ ‘ಸಾಹೇಬ್ರು’ ಎಂಬ ಬೇರೆ ಬಿರುದು. ಉಳಿದಂತೆ ತಕ್ಕಡಿ ಹಿಡಿದವರೆಲ್ಲ ಶೆಟ್ಟರೇ.

ವಸ್ತಾರೆ ಆಗ ಕಡೂರು ಜಿಲ್ಲೆಗೆ ಸೇರಿತ್ತು. ಜಿಲ್ಲೆಯ ಕಚೇರಿ 1865ರಲ್ಲೇ ಚಿಕ್ಕಮಗಳೂರಿಗೆ ಬಂದಿದ್ದರೂ ಜಿಲ್ಲೆಯ ಹೆಸರು ಬದಲಾದದ್ದು 1947ರಲ್ಲಿ. ಸಾಮಾನು ಒಬ್ಬರ ಮನೆಗೆ, ಲೆಕ್ಕ ಇನ್ನೊಬ್ಬರ ಹೆಸರಿಗೆ ಎಂಬ ಹಾಗೆ. ಶೆಟ್ಟರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಅವರ ಆಸನ ನೋಡುವಂಥದು. ಅಂಗಡಿಯ ನಡುವೆ ಒಂದು ಮೆತ್ತೆ, ಮುಂದೆ ಗಲ್ಲಾಪೆಟ್ಟಿಗೆ, ತಲೆಯ ಮೇಲೆ ತೂಗುವ ತಕ್ಕಡಿ. ಎಡಗೈ ಚಾಚಿದರೆ ಹೊಗೆಸೊಪ್ಪು, ಬಲಗೈ ಚಾಚಿದರೆ ಮೆಣಸಿನಕಾಯಿ, ಹಿಂದಕ್ಕೆ ವಾಲಿದರೆ ತೆಂಗಿನಕಾಯಿಯ ರಾಶಿ. ಏಳದೆ ಎಟುಕದ ಸಾಮಾನು ಅಂಗಡಿಯಲ್ಲಿ ಎರಡೇ. ಒಂದು ಬಾಗಿಲ ಹೊರಗಿನ ಉಪ್ಪಿನ ಮೂಟೆ, ಇನ್ನೊಂದು ಹಿಂದಿನ ಕೋಣೆಯ ಸೀಮೆಎಣ್ಣೆ ಡಬ್ಬ. ಸೀಮೆಎಣ್ಣೆ ಅಳೆದ ಕೈಯಲ್ಲೇ ಅವಲಕ್ಕಿ ಅಳೆಯುತ್ತಾರೆಂದು ಊರ ಹೆಂಗಸರ ದೂರು. ಅದು ಸುಳ್ಳು. ನಡುವೆ ಅವರು ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ. ಎಲ್ಲದಕ್ಕಿಂತ ಮುಂದೆ ಇರುವುದು ಜೋನಿಬೆಲ್ಲದ ಡಬ್ಬ, ಅದರ ಬಾಯಿಗೆ ಅಡಿಕೆ ಹಾಳೆಯ ಮುಚ್ಚಳ, ಮುಚ್ಚಳದ ಸುತ್ತ ಕಣಜಗಳ ಕಾವಲು. ಅವು ಶೆಟ್ಟರನ್ನು ಕಚ್ಚಿದ್ದು ಯಾರೂ ಕಂಡಿಲ್ಲ, ಗಿರಾಕಿಗಳನ್ನು ಬಿಟ್ಟದ್ದೂ ಕಂಡಿಲ್ಲ.

ತೂಕದ ವಿಚಾರ ಸೂಕ್ಷ್ಮ. ಬೆಳ್ಳಿ ರೂಪಾಯಿಯೊಂದು ಸರಿಯಾಗಿ ಒಂದು ತೊಲ ತೂಗುತ್ತಿದ್ದ ಕಾಲವದು, ಹಣವೇ ತೂಕದ ಬಟ್ಟು. 24 ರೂಪಾಯಿ ತೂಕ ಕಚ್ಚಾ ಸೇರು, ಈಗಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಪಕ್ಕಾ ಸೇರು ಇದರ ಮೂರು ಪಾಲಿಗೂ ಮೇಲೆ. ಇವೆರಡರ ನಡುವೆ ಎಷ್ಟು ವಿಶಾಲವಾದ ಬಯಲಿದೆ ಎಂಬುದು ಹೊಸದಾಗಿ ಸಂಸಾರ ಹೂಡಿದವರಿಗೆ ಮೊದಲ ತಿಂಗಳು ತಿಳಿಯುವುದಿಲ್ಲ. “ಸೇರಿಗೆ ಎಷ್ಟು ಶೆಟ್ರೇ?” ಎಂದಾಗ ಹೇಳುವ ದರಕ್ಕೂ ಕೊಡುವಾಗ ತೂಗುವ ಸೇರಿಗೂ ಸಂಬಂಧ ಇರಲೇಬೇಕೆಂದಿಲ್ಲ. ತಕ್ಕಡಿಯ ತಟ್ಟೆಯಡಿ ಹುಣಸೆಹಣ್ಣು ಮೆತ್ತಿದ್ದಾರೆಂಬ ಆರೋಪ ಪ್ರತಿ ಊರಲ್ಲೂ ಪ್ರತಿ ಶೆಟ್ಟರ ಮೇಲೂ ಇದ್ದದ್ದೇ. ಆರೋಪ ಮಾಡಿದವರೇ ಮರುದಿನ ಅದೇ ತಕ್ಕಡಿಯ ಮುಂದೆ ಚೀಲ ಬಿಚ್ಚುತ್ತಾರೆ.

ಅಕ್ಕಿ ಅಳೆಯುವಾಗ ಅವರ ಬಾಯಲ್ಲಿ ‘ಒಂದು’ ಬರುವುದಿಲ್ಲ. ಮೊದಲ ಸೇರು ‘ಲಾಭ’, ಅದಾದ ಮೇಲೆ ಎರಡು, ಮೂರು. ಲಾಭ ಯಾರಿಗೆಂದು ಯಾರೂ ಕೇಳುವುದಿಲ್ಲ. ಕೊನೆಗೆ ಉಳಿಯುವುದು ಕೊಸರು. ಗಿರಾಕಿ ಚೀಲದ ಬಾಯಿ ಅಗಲಿಸಿ ನಿಂತೇ ಇರುತ್ತಾಳೆ, ಶೆಟ್ಟರು ಹಿಡಿ ಅಕ್ಕಿ ತೆಗೆದು ಅದರಲ್ಲಿ ಅರ್ಧ ಬೆರಳ ಸಂದಿನಿಂದ ರಾಶಿಗೇ ಸುರಿಯುವಂತೆ ಮಾಡಿ ಉಳಿದದ್ದನ್ನು ಚೀಲಕ್ಕೆ ಹಾಕುತ್ತಾರೆ. “ಅಯ್ಯೋ, ಇಷ್ಟೇನಾ?” “ಅಮ್ಮಾ, ಈ ವ್ಯಾಪಾರದಲ್ಲಿ ನಂಗೆ ಉಳಿಯೋದೇ ಅಷ್ಟು.” ಕೊಳ್ಳುವುದಕ್ಕೆ ಹಿಡಿದ ಹೊತ್ತಿಗಿಂತ ಕೊಸರಿಗೆ ಹಿಡಿಯುವ ಹೊತ್ತು ಹೆಚ್ಚು. ಕೊಸರು ಕೇಳದೆ ಹೊರಟ ಗಿರಾಕಿಯನ್ನು ಕಂಡರೆ ಶೆಟ್ಟರಿಗೆ ಗಾಬರಿ: ಇವಳು ಇನ್ನೊಂದು ಅಂಗಡಿಗೆ ಹೋಗಲು ಶುರುಮಾಡಿದ್ದಾಳೆ.

ಅವರ ಬಾಯಲ್ಲಿ ಬಾರದ ಇನ್ನೊಂದು ಮಾತು ‘ಇಲ್ಲ’. ದೀಪ ಆರಿಸು ಎನ್ನದೆ ದೀಪ ದೊಡ್ಡದು ಮಾಡು ಎನ್ನುವ ಊರಲ್ಲಿ ಅಂಗಡಿಯವರು ‘ಇಲ್ಲ’ ಎಂದರೆ ಲಕ್ಷ್ಮಿಗೆ ಬಾಗಿಲು ತೋರಿಸಿದಂತೆ. ಲಾಟೀನಿನ ಗಾಜು ಕೇಳಿದರೆ “ಕಡೂರಲ್ಲಿ ಇಳಿದಿದೆ, ಗಾಡಿ ಮೇಲೆ ಬರ್ತಾ ಇದೆ.” ಸೂಜಿ ಕೇಳಿದರೂ ಕಡೂರು, ಗಂಧಕ ಕೇಳಿದರೂ ಕಡೂರು. ಈ ಮಾತಿಗೆ ಆಧಾರವಿಲ್ಲದಿಲ್ಲ. ಬೆಂಗಳೂರು, ಹುಬ್ಬಳ್ಳಿ ಕಡೆಯ ರೈಲು ಕಡೂರು ಮುಟ್ಟಿದ್ದು 1889ರಲ್ಲಿ, ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 40 ಕಿಲೋಮೀಟರು ಎತ್ತಿನ ಗಾಡಿ, ಅದಾದ ಮೇಲೆ ವಸ್ತಾರೆಯ ಏರಿಳಿತ. ಚಿಕ್ಕಮಗಳೂರಿಗೇ ರೈಲು ಬರಲು 2013 ಆಗಬೇಕಾಯಿತು. ಹಾಗಾಗಿ ಲಾಟೀನಿನ ಗಾಜಿನ ವಿಷಯದಲ್ಲಿ ಶೆಟ್ಟರು ಹೇಳಿದ್ದು ಪೂರ್ತಿ ಸುಳ್ಳೆಂದು ಯಾರೂ ಎದೆ ತಟ್ಟಿ ಹೇಳುವಂತಿರಲಿಲ್ಲ. ಘಟ್ಟದ ಕಡೆಯ ದಾರಿ ಬೇರೆ. ಇಲ್ಲಿಯ ಕಾಫಿ ಹೇರಿಕೊಂಡು ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋದ ಗಾಡಿಗಳು ಬರುವಾಗ ಉಪ್ಪು, ತೆಂಗಿನಕಾಯಿ, ಒಣಬಂಗುಡೆ, ಹಂಚು ತರುತ್ತಿದ್ದವು. ಅಲ್ಲಿಂದ ಬರಬೇಕಾದದ್ದು ತಡವಾದರೆ “ಘಾಟಿಯಲ್ಲಿ ಮರ ಬಿದ್ದಿದೆ.” ಆ ಒಂದು ಮರ ವರ್ಷಕ್ಕೆ ಎಷ್ಟು ಸಲ ಬೀಳುತ್ತಿತ್ತೋ!

ರೂಪಾಯಿ ಕೈಗೆ ಬಂದೊಡನೆ ಶೆಟ್ಟರು ಅದನ್ನು ಕಲ್ಲಿನ ಮೇಲೆ ಕುಟ್ಟಿ ದನಿ ಕೇಳುತ್ತಾರೆ. ‘ಠಣ್’ ಎಂದರೆ ಬೆಳ್ಳಿ, ‘ಠಪ್’ ಎಂದರೆ ಗಿರಾಕಿಯ ಮುಖ ನೋಡುತ್ತಾರೆ. ಐದನೆಯ ಜಾರ್ಜನ ರೂಪಾಯಿ 1911ರಲ್ಲಿ ಬಂದಾಗ ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೊಟಕಾಗಿ ಅದು ಹಂದಿಯ ಹಾಗೆ ಕಾಣುತ್ತದೆಂದು ದೇಶದಲ್ಲೆಲ್ಲ ಗದ್ದಲವೆದ್ದಿತು. ಸರ್ಕಾರ ಮರುವರ್ಷವೇ ಚಿತ್ರ ತಿದ್ದಿಸಿತು. ಶೆಟ್ಟರಿಗೆ ಆನೆಯಾದರೇನು, ಹಂದಿಯಾದರೇನು, ದನಿ ಸರಿಯಿದ್ದರೆ ಆಯಿತು. ಅವರನ್ನು ನಿಜವಾಗಿ ಕಂಗೆಡಿಸಿದ್ದು ಮೊದಲ ಮಹಾಯುದ್ಧ. ಬೆಳ್ಳಿ ಸಾಲದೆ 1917ರ ನವೆಂಬರಿನಲ್ಲಿ ಸರ್ಕಾರ ಒಂದು ರೂಪಾಯಿಯ ನೋಟು ಹೊರಡಿಸಿತು, ಅದು ಸಾಲದೆಂಬಂತೆ 1918ರಲ್ಲಿ ಎರಡೂವರೆ ರೂಪಾಯಿಯದೊಂದು. ಕಾಗದವನ್ನು ಕಲ್ಲಿನ ಮೇಲೆ ಕುಟ್ಟಿದರೆ ಏನು ಕೇಳೀತು? ಮೂಸಿ ನೋಡಿದರು, ಬಿಸಿಲಿಗೆ ಹಿಡಿದರು. ಕಡೆಗೆ “ಇದಕ್ಕೆ ಸಾಮಾನು ಕೊಡ್ತೀನಿ, ಚಿಲ್ಲರೆ ಕೊಡೋದಿಲ್ಲ” ಎಂಬ ರಾಜಿಗೆ ಬಂದರು.

ಇಷ್ಟಾದರೂ ಅಂಗಡಿಯಲ್ಲಿ ರೊಕ್ಕ ಓಡಾಡುವುದು ಕಡಿಮೆ. ‘ಇಂದು ನಗದು ನಾಳೆ ಸಾಲ’ ಎಂಬ ಹಲಗೆ ಗೋಡೆಯ ಮೇಲಿದೆ, ಅದರ ಕೆಳಗೇ ಕುಳಿತು ಶೆಟ್ಟರು ಇಡೀ ದಿನ ಸಾಲ ಬರೆಯುತ್ತಾರೆ. ಬೇರೆ ದಾರಿಯಿಲ್ಲ. ಕಾಫಿಯ ನಾಡಿನಲ್ಲಿ ಹಣ ವರ್ಷಕ್ಕೊಮ್ಮೆ ಬರುವ ನೆಂಟ. ಹಣ್ಣು ಕುಯಿಲು ಕಾರ್ತಿಕದಲ್ಲಿ ಶುರುವಾಗಿ ಮಾಘದವರೆಗೆ, ಒಣಗಿಸಿ ಮಾರಿ ದುಡ್ಡು ಕಾಣುವುದು ಅದಾದ ಮೇಲೆ. ಉಳಿದ ತಿಂಗಳೆಲ್ಲ ಮನೆ, ಆಳು, ಮದುವೆ, ಬಾಣಂತನ ನಡೆಯುವುದು ಶೆಟ್ಟರ ಖಾತೆಯ ಮೇಲೆ. ಆಳು ತರಲು ಘಟ್ಟ ಇಳಿಯುವ ಮೇಸ್ತ್ರಿಗೂ ಮುಂಗಡ ಕಮ್ಮಿ ಬಿದ್ದರೆ ಇಲ್ಲಿಗೇ ಬರಬೇಕು.

ಆದ್ದರಿಂದ ತೋಟವಿಲ್ಲದ ಶೆಟ್ಟರಿಗೆ ತೋಟದ ಮಾಲೀಕರಿಗಿಂತ ಹೆಚ್ಚು ಹೂಮಳೆಯ ಚಿಂತೆ. ಬೇಸಿಗೆಯಲ್ಲಿ ಒಂದು ಹದಮಳೆ ಬೀಳಬೇಕು, ಬಿದ್ದ ಎಂಟೊಂಬತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗೆ ಅರಳುತ್ತದೆ. ಅರಳಿದ ದಿನವೇ ಮತ್ತೆ ಮಳೆ ಹೊಡೆದರೆ ಹೂ ಕೊಳೆತು ಫಸಲು ಹೋಯಿತು. ಬಾಳೆಹೊನ್ನೂರಿನಲ್ಲಿ ಸರ್ಕಾರದ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದು 1925ರಲ್ಲಿ. ಅದಕ್ಕೂ ಮೊದಲೇ ಶೆಟ್ಟರು ಈ ಶಾಸ್ತ್ರದಲ್ಲಿ ಪಂಡಿತರು. ಮಳೆ ಬಿದ್ದ ಮರುದಿನ ಗೌಡರಿಗೆ “ಏನು ಬೇಕಾದ್ರೂ ತಗೊಂಡೋಗಿ ಗೌಡ್ರೇ, ನಿಮ್ದೇ ಅಂಗಡಿ” ಎಂಬ ಉಪಚಾರ. ಒಂಬತ್ತನೆಯ ದಿನ ಹೂವಿನ ಮೇಲೆ ಮೋಡ ಕವಿದರೆ ಅದೇ ಗೌಡರಿಗೆ “ಸಕ್ಕರೆ ಕಡೂರಲ್ಲಿ ಇಳಿದಿದೆ.”

ಹಿಂದಿನ ಬಾಗಿಲಿನ ವಿಚಾರವನ್ನೂ ಹೇಳಿಬಿಡಬೇಕು. ಮುಸ್ಸಂಜೆಯಲ್ಲಿ ಸೆರಗಿನ ಗಂಟಿನಲ್ಲಿ, ಕಂಬಳಿಯ ಕೊಪ್ಪೆಯಲ್ಲಿ ಯಾರದೋ ತೋಟದ ಹಣ್ಣು ಬಂದು ಹೊಗೆಸೊಪ್ಪಾಗಿ, ಒಣಮೀನಾಗಿ ಹೊರಗೆ ಹೋಗುತ್ತದೆಂದು ಪ್ಲಾಂಟರುಗಳು ಗೊಣಗುತ್ತಲೇ ಇದ್ದರು. ಪಕ್ಕದ ಮದ್ರಾಸು ಸರ್ಕಾರ 1878ರಲ್ಲೇ ಕಾಫಿ ಕಳವು ತಡೆಯಲೆಂದು ಕಾಯಿದೆಯೊಂದನ್ನು ಮಾಡಿತ್ತೆಂದರೆ ಗೊಣಗಾಟ ಎಷ್ಟು ಜೋರಿತ್ತೆಂದು ಊಹಿಸಬಹುದು. ಎಲ್ಲ ಶೆಟ್ಟರೂ ಹಾಗೆಂದರೆ ಅನ್ಯಾಯ. ಆದರೆ ಒಂದು ಗಿಡವೂ ಇಲ್ಲದ ಶೆಟ್ಟರ ಹಿತ್ತಿಲಲ್ಲಿ ಚಾಪೆಯ ಮೇಲೆ ಕಾಫಿ ಒಣಗುತ್ತಿದ್ದರೆ ಅದು “ಮನೆ ಖರ್ಚಿಗೆ.” ಮನೆಯವರೆಲ್ಲ ಸೇರಿ ದಿನಕ್ಕೆ ಎಷ್ಟು ಲೋಟ ಕುಡಿಯುತ್ತಾರೆಂದು ಲೆಕ್ಕ ಹಾಕುವ ಧೈರ್ಯ ಆ ಅಂಗಡಿಯಲ್ಲಿ ಸಾಲವಿರುವ ಯಾರಿಗೂ ಇರಲಿಲ್ಲ.

ಊರ ಗುಟ್ಟೆಲ್ಲ ಅವರಿಗೆ ತೂಕದಲ್ಲೇ ಗೊತ್ತು. ಶುಂಠಿ, ಓಮ, ಬೆಳ್ಳುಳ್ಳಿ ಒಟ್ಟಿಗೆ ಹೋದರೆ ಆ ಮನೆಯಲ್ಲಿ ಬಾಣಂತಿ. ಚಿರೋಟಿ ರವೆ, ಯಾಲಕ್ಕಿ, ಒಳ್ಳೆಯ ವೀಳ್ಯದೆಲೆ ಹೋದರೆ ಹೆಣ್ಣು ನೋಡಲು ಬರುತ್ತಿದ್ದಾರೆ. ಜಗಲಿಯ ಮೇಲೆ ಶಾನುಭೋಗರು, ಮೇಷ್ಟ್ರು, ತೋಟದ ರೈಟರು ಕುಳಿತು ಎಲೆಯಡಿಕೆ ಮೆಲ್ಲುತ್ತ ಲೋಕದ ಸುದ್ದಿ ಆಡುತ್ತಾರೆ. ಬೆಲ್ಲ, ಹುಣಸೆ ಕಟ್ಟಲು ತೇಗದ ಎಲೆ, ಬಾಳೆನಾರು. ಒಣ ಸಾಮಾನಿಗೆ ಮಾತ್ರ ಹಳೆಯ ‘ವೃತ್ತಾಂತ ಪತ್ರಿಕೆ’ಯ ಹಾಳೆ. ಮನೆಗೆ ಹೋಗಿ ಪೊಟ್ಟಣ ಬಿಚ್ಚಿದ ಮೇಲೆ ಮೇಷ್ಟ್ರು ಅದನ್ನು ಓದುತ್ತಾರೆ. ಸುದ್ದಿಯ ಮೊದಲರ್ಧ ಜೀರಿಗೆಯ ಜೊತೆ ಬಂದಿರುತ್ತದೆ, ಉಳಿದರ್ಧ ಇನ್ಯಾರದೋ ಮನೆಗೆ ಸಾಸಿವೆಯ ಜೊತೆ ಹೋಗಿರುತ್ತದೆ.

ಮಳೆ ಹಿಡಿಯುವ ಮುಂಚೆ, ಮೃಗಶಿರಾಕ್ಕೆ ಸರಿಯಾಗಿ, ಎಲ್ಲ ಮನೆಯವರೂ ಮಳೆಗಾಲದ ಸಾಮಾನು ತುಂಬಿಕೊಳ್ಳುತ್ತಾರೆ. ಆಮೇಲೆ ಮೂರು ತಿಂಗಳು ಅಂಗಡಿಗೆ ಬರುವವರು ಗೊರಬೆಯಡಿ ಹೊಗೆಸೊಪ್ಪು ಕೇಳಿಕೊಂಡು ಬರುವ ಆಳುಗಳು ಮಾತ್ರ. ಹೊರಗಿನ ಉಪ್ಪಿನ ಮೂಟೆ ಒಳಗೆ ಬಂದು ಅಲ್ಲೂ ನೀರೊಡೆಯುತ್ತದೆ. ಕರಗಿಹೋದ ಉಪ್ಪು ಯಾರ ಖಾತೆಗೆ ಬೀಳುತ್ತದೆಂಬುದು ಶೆಟ್ಟರಿಗೂ ದೇವರಿಗೂ ಬಿಟ್ಟದ್ದು.

ದೀಪಾವಳಿಗೆ ಹೊಸ ಪುಸ್ತಕ ಬಂದು ಕುಂಕುಮ ಹಚ್ಚಿಸಿಕೊಂಡಿದ್ದರೂ ಹಳೆಯದು ಮುಚ್ಚುವುದು ಕಾಫಿ ಮಾರಿದ ಮೇಲೆ. ಒಂದು ದಿನ ಬೆಳಿಗ್ಗೆಯೇ ಗೌಡರು ಮಗನನ್ನು ಕರೆದುಕೊಂಡು ಬರುತ್ತಾರೆ, ಸೊಂಟದಲ್ಲಿ ಹಣದ ಚೀಲ. ಶೆಟ್ಟರು ಖಾತೆ ಓದುತ್ತಾರೆ, ಗೌಡರು ಕಣ್ಣು ಮುಚ್ಚಿ ತಲೆಯಾಡಿಸುತ್ತಾರೆ. ಅಕ್ಕಿಗೆ ಚಕಾರವಿಲ್ಲ, ಮದುವೆಯ ಸಕ್ಕರೆಗೆ ಚಕಾರವಿಲ್ಲ. ಕಡೆಯ ಸಾಲಿಗೆ ಮಾತ್ರ ಕಣ್ಣು ಬಿಡುತ್ತಾರೆ.

“ಇದೇನ್ರೀ, ಕೈಗಡ ಮೂರಾಣೆ? ನಾನ್ಯಾವತ್ತು ನಿಮ್ಮತ್ರ ಕೈಗಡ ತಗೊಂಡೆ?”

“ನೀವಲ್ಲ ಗೌಡ್ರೇ, ಸಣ್ಣಗೌಡ್ರು. ಮೂವತ್ತಾರು ದಿನ ಬೋಣಿ ಮಾಡಿದ್ದಾರೆ.”

ಗೌಡರು ಮಗನನ್ನು ನೋಡುತ್ತಾರೆ. ಮಗ ಜೋನಿಬೆಲ್ಲದ ಡಬ್ಬ ನೋಡುತ್ತಾನೆ. ಅರ್ಧ ಗಂಟೆ ಮಾತು ನಡೆದು ಮೂರಾಣೆಯಲ್ಲಿ ಒಂದಾಣೆ ಕೊಸರಿಗೆ ಬಿಟ್ಟು ಲೆಕ್ಕ ಚುಕ್ತಾ ಆಗುತ್ತದೆ. ಚೀಲ ಪೂರ್ತಿ ಖಾಲಿ. ಏಳುತ್ತ ಗೌಡರು ಏನೋ ನೆನಪಾದವರಂತೆ, “ಹಂಗೇ ಅರ್ಧ ಸೇರು ಬೆಲ್ಲ ಕಟ್ಟಿ” ಎನ್ನುತ್ತಾರೆ.

ಶೆಟ್ಟರು ಬೆಲ್ಲದ ಕಡೆ ಕೈ ಚಾಚಿ ತಡೆಯುತ್ತಾರೆ. ಸಾಲ ತೀರಿಸಿದ್ದು ಬೋಣಿಯಾಗುವುದಿಲ್ಲ. ಗಲ್ಲಾಪೆಟ್ಟಿಗೆ ತೆರೆದು ಒಂದು ಕಾಸು ತೆಗೆದು, ಈ ಸಲ ಗೌಡರ ಅಂಗೈ ಮೇಲೆ ಇಡುತ್ತಾರೆ.