ಮೊಡವೆಗೂ ಒಂದು ಕಾಲಂ

ಮದುಮಗಳ ಕೆನ್ನೆಯಲ್ಲಿ ಮೊಡವೆ ಎದ್ದರೆ ಮನೆಮಂದಿಯೆಲ್ಲ ಮದ್ದು ಹುಡುಕಿಕೊಂಡು ಓಡುತ್ತಾರೆ. ಬಿಲ್ಲು ಹಿಡಿದ ಹುಡುಗ ಗದ್ದ ಮುಟ್ಟಿಕೊಂಡು ‘ನೋಯ್ತದೆ’ ಅಂದರೆ ಮಾತ್ರ, ‘ಏನಯ್ಯಾ, ಸಿನಿಮಾ ಹೀರೋನಾ ನೀನು?’ ಅಂತ ನಗುತ್ತಾರೆ. ಅವನ ಚಿಂತೆ ಚಂದದ್ದಲ್ಲ ಸ್ವಾಮಿ, ಅಂಕದ್ದು!

ಒಲಿಂಪಿಕ್ಸಿನ ರಿಕರ್ವ್ ಬಿಲ್ಲಿಗೆ ಮುಂದೆ ಗುರಿ ಹಿಡಿಯುವ ಸೈಟ್ ಒಂದುಂಟು, ಹಿಂದೆ ಇಲ್ಲ. ಕಾಂಪೌಂಡ್ ಬಿಲ್ಲಿನವರು ಹೆದೆಯಲ್ಲೇ ತೂತಿನ ಪೀಪ್ ಕೂರಿಸಿಕೊಳ್ಳುತ್ತಾರೆ. ರಿಕರ್ವಿನವರಿಗೆ ಆ ಭಾಗ್ಯವಿಲ್ಲ, ಮುಖವೇ ಹಿಂದಿನ ಸೈಟ್. ಎಳೆದ ಕೈ ದವಡೆಯ ಅಡಿ ಕೂರಬೇಕು, ಹೆದೆ ಗದ್ದಕ್ಕೂ ಮೂಗಿನ ತುದಿಗೂ ತಾಗಬೇಕು, ಪ್ರತಿ ಬಾಣಕ್ಕೂ ಅದೇ ಜಾಗ. ಎಳೆದಾಗ ಹೆದೆಯಿಂದ ಬಿಲ್ಲಿಗೆ ಸುಮಾರು 70 ಸೆಂಟಿಮೀಟರ್, ಗುರಿ ಇರುವುದು 70 ಮೀಟರ್ ಆಚೆ. ನೂರು ಪಟ್ಟು! ದವಡೆಯಡಿ ಊದಿದ ಮೊಡವೆ ಕೈಯನ್ನು ಒಂದು ಮಿಲಿಮೀಟರ್ ಕೆಳಗೆ ತಳ್ಳಿತೋ, ಬಾಣ ಅಲ್ಲಿ ಹೆಚ್ಚುಕಡಿಮೆ ಹತ್ತು ಸೆಂಟಿಮೀಟರ್ ಮೇಲೇರುತ್ತದೆ. ಹತ್ತು ಅಂಕದ ವೃತ್ತದ ಅಗಲವೇ 12.2 ಸೆಂಟಿಮೀಟರ್. ನಟ್ಟನಡುವೆ ನಾಟಬೇಕಾದ್ದು ಒಂಬತ್ತಕ್ಕೆ ಹೋಗಿ ಕೂತಿತು. ಬ್ಯಾಂಡೇಜ್ ಅಂಟಿಸಿದರೆ? ಅದಕ್ಕೂ ದಪ್ಪ ಇದೆಯಲ್ಲ.

ಒಂದು ಸುತ್ತಿಗೆ 72 ಬಾಣ. ಅಷ್ಟೂ ಸಲ ಹೆದೆ ಒತ್ತಿ, ಬೆರಳಿಗೆ ತೊಡುವ ಟ್ಯಾಬಿನ ಚರ್ಮ ಉಜ್ಜಿ, ಬೆವರು ಅಲ್ಲೇ ಇಂಗಿದರೆ ಮೊಡವೆ ಬಾರದೆ ಮಲ್ಲಿಗೆ ಬಂದೀತೇ? ಒತ್ತಡ, ಉಜ್ಜಾಟಗಳಿಂದ ಬರುವ ಇಂಥದಕ್ಕೆ ಅಮೆರಿಕದ ಚರ್ಮವೈದ್ಯರು 1975ರಲ್ಲಿ ಆಕ್ನೆ ಮೆಕ್ಯಾನಿಕಾ ಎಂದು ನಾಮಕರಣವನ್ನೂ ಮಾಡಿಯಾಯಿತು. ಪಾಶ್ಚಾತ್ಯ ಪಿಟೀಲುಗಾರರ ಕುತ್ತಿಗೆಗೂ ಇಂಥದೇ ಕಾಟ. ನಮ್ಮ ಚೌಡಯ್ಯನವರ ಪರಂಪರೆಯವರು ಪಿಟೀಲನ್ನು ಎದೆಗೂ ಪಾದಕ್ಕೂ ಒರಗಿಸಿ ಬಚಾವಾದರು!

ಪುರಾಣದ ವೀರರೂ ಬಚಾವೇ: ಹೆದೆಯನ್ನು ಕಿವಿವರೆಗೆ ಎಳೆಯುತ್ತಿದ್ದರಂತೆ, ಗದ್ದದ ಗೊಡವೆಯೇ ಇಲ್ಲ. ಕೆನ್ನೆಯ ಗತಿ ಮಾತ್ರ ಕೇಳಬೇಡಿ. ಜಪಾನಿನ ಕ್ಯೂದೋದವರು ಇಂದಿಗೂ ಕಿವಿಯಾಚೆ ಎಳೆದು, ಸ್ವಲ್ಪ ಯಾಮಾರಿದರೆ ಹೆದೆಯಿಂದಲೇ ಕಪಾಳಮೋಕ್ಷ ಮಾಡಿಸಿಕೊಳ್ಳುತ್ತಾರೆ.

ಮದ್ದೇನು? ಮೊದಲು ಕೈ ಕಟ್ಟಿಕೊಳ್ಳಿ, ಹಿಂಡಬೇಡಿ. ಹಿಂಡಿದ ಗಾಯವನ್ನು ಹೆದೆ ದಿನಾ ಕೆದಕುತ್ತದೆ. ಮುಖಕ್ಕೆ ನೂರು ರೂಪಾಯಿಯ ಸೋಪು ಹಾಕುವ ಮಹರಾಯರು ವರ್ಷಗಟ್ಟಲೆ ಬೆವರು ಕುಡಿದ ಟ್ಯಾಬನ್ನು ಒಮ್ಮೆಯಾದರೂ ಒರೆಸಿದ್ದಾರೆಯೇ, ಕೇಳಿ ನೋಡಿ. ಬಿಸಿಲಿಗೆ ಜಿಡ್ಡಿಲ್ಲದ ಸನ್‌ಸ್ಕ್ರೀನ್ ಸಾಕು. ಬೆಂಜಾಯ್ಲ್ ಪೆರಾಕ್ಸೈಡ್ ಮುಲಾಮು ರಾತ್ರಿ ಹಚ್ಚಿ, ಆದರೆ ತಂಡದ ಟೀ-ಶರ್ಟಿನಿಂದ ದೂರ ಇಡಿ, ಬಣ್ಣ ತಿಂದುಬಿಡುತ್ತದೆ. ಮೊಡವೆ ಮುಚ್ಚಲು ಗಡ್ಡ ಬಿಡುವ ಜಾಣರಿಗೆ ಹೆದೆಯೇ ಒಂದೊಂದು ಕೂದಲು ಕಿತ್ತು ಬುದ್ಧಿ ಕಲಿಸುತ್ತದೆ.

ಇಷ್ಟಾದರೂ ಪಂದ್ಯದ ಬೆಳಿಗ್ಗೆಯೇ ಊದಿಕೊಂಡಿತೋ, ಬಾಣ ಮೇಲೆ ಹೋದುದಕ್ಕೆ ತಕ್ಕಂತೆ ಸೈಟನ್ನೂ ತುಸು ಮೇಲಕ್ಕೆ ಸರಿಸಿ. ಬಾಡಿದ ದಿನ ಇಳಿಸಿ. ಸೈಟಿನ ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಗಾಳಿಗೆ, ಮಳೆಗೆ ಜಾಗ ಇರುವ ಹಾಗೆ ಮೊಡವೆಗೂ ಒಂದು ಕಾಲಂ ಎಳೆಯಿರಿ. ಹದಿನೇಳರ ಹುಡುಗರು ಎರಡು ಎಳೆದುಕೊಳ್ಳಲಿ.